ಡಮ್ಮಿ ಚಿಂತಕ

ವೈಜಿನಾಥನ ಮೊಬೈಲು ಟಿಣ್ ಎಂದಾಗ ಅವನ ಒಂದು ಕೈಯಲ್ಲಿ ನಳದ ಪೈಪು, ಇನ್ನೊಂದರಲ್ಲಿ ಕೊಡ, ಬಾಯಲ್ಲಿ ಹಲ್ಲುಪುಡಿಯ ನೊರೆ ಇತ್ತು. ಮುರುಮದಲ್ಲಿ ಅವರ ಗಲ್ಲಿಗೆ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಅಂಥ ದಿನ ನೀರು ಬಿಟ್ಟು ಮೊಬೈಲು ನೋಡುವವನು ಒಂದೋ ಹುಚ್ಚನಿರಬೇಕು, ಇಲ್ಲವೇ ಸಿರಿವಂತ. ವೈಜಿನಾಥ ಎರಡೂ ಅಲ್ಲ. ಅವನು ತಾಸಿನ ಮಾಸ್ತರ. ಅಂದರೆ ಮನ್ಮಥಪ್ಪ ಅಣ್ಣಾರ ಸಂಸ್ಥೆಯ ಕಾಲೇಜಿನಲ್ಲಿ ವಾರಕ್ಕೆ ಹನ್ನೆರಡು ತಾಸು ಸಮಾಜಶಾಸ್ತ್ರ ಹೇಳುವವನು. ಹೇಳಿದ ತಾಸಿಗೆ ಪಗಾರ, ಹೇಳದ ತಾಸಿಗೆ ಗಾಳಿ. ಒಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಅಂಥವನು ಮೊಬೈಲು ಟಿಣ್ ಎಂದರೆ ನೋಡಲೇಬೇಕು. ಇವತ್ತು ತಾಸು ಇದೆಯೋ ಹೋಯಿತೋ ಎಂಬುದು ಆ ಟಿಣ್‌ನೊಳಗೇ ಇರುತ್ತದೆ.

ಕೊಡ ಇಳಿಸಿ ನೋಡಿದ. ವಿದ್ಯಾಪೀಠದಿಂದ ಪತ್ರ. ಓದಿದ. ಬಾಯಲ್ಲಿದ್ದ ನೊರೆಯನ್ನು ಉಗುಳುವ ಬದಲು ನುಂಗಿಬಿಟ್ಟ.

"ಮಾನ್ಯ ಶ್ರೀ ವೈಜಿನಾಥ ಅವರೇ, ನಮ್ಮ ವಿದ್ಯಾಪೀಠದ ಈ ವರ್ಷದ ಲೋಕಚಿಂತಕ ಫೆಲೋಶಿಪ್ಪಿಗೆ ತಾವು ಆಯ್ಕೆಯಾಗಿರುವ ವಿಷಯವನ್ನು ನಾಲ್ಕು ದಿನದ ಹಿಂದೆಯೇ ಅಂಚೆಯಲ್ಲಿ ತಿಳಿಸಿದ್ದೆವು. ತಮ್ಮ ಉತ್ತರ ಬಂದಿಲ್ಲ. ಇಂದು ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ಇಲ್ಲವಾದರೆ ಕಾಯ್ದಿಟ್ಟ ಪಟ್ಟಿಯಲ್ಲಿ ಮೊದಲಿರುವವರಿಗೆ ಅದು ಹೋಗುತ್ತದೆ. ಪಟ್ಟಿ ಸಂಜೆಯೇ ಪ್ರಕಟವಾಗುತ್ತದೆ."

ಪೈಪು ಕೈಯಿಂದ ಜಾರಿ, ಬಾಲ ತುಳಿದ ಹಾವಿನಂತೆ ಅಂಗಳವೆಲ್ಲ ಹೊರಳಾಡಿತು.

"ಏ ಸರ! ನೀರ ನಮ್ಮ ಮನಿ ಒಳಗ ಬರ್ಲಿಕತ್ಯಾವ!" ಪಕ್ಕದ ಮನೆಯ ಪ್ರೇಮಾಬಾಯಿ ಗೋಡೆಯ ಮೇಲಿಂದ ಕೂಗಿದಳು. "ಯಾರ್ ಸತ್ರು? ಮಾರಿ ಯಾಕ ಹಿಂಗ ಆಗ್ಯದ?"

"ಇನ್ನೂ ಯಾರೂ ಸತ್ತಿಲ್ಲ ಬಾಯಿ," ಎಂದ ವೈಜಿನಾಥ. "ಸಂಜಿತನ ತಿಳೀತದ."

ಈ ಫೆಲೋಶಿಪ್ ಎಂದರೇನೆಂದು ಸರಿಯಾಗಿ ತಿಳಿದವನು ಮುರುಮದಲ್ಲಿ ಅವನೊಬ್ಬನೇ. ಸಮಾಜಕ್ಕೆ ದಾರಿ ತೋರಿಸಿದ ಚಿಂತಕರನ್ನು ವಿದ್ಯಾಪೀಠ ಒಂದು ವರ್ಷ ಕರೆದು ಇಟ್ಟುಕೊಳ್ಳುತ್ತದೆ. ಅತಿಥಿಗೃಹದಲ್ಲಿ ಕೋಣೆ, ಗ್ರಂಥಾಲಯದಲ್ಲಿ ಹೆಸರು ಬರೆದ ಮೇಜು. ಹಾಜರಿಯಿಲ್ಲ, ಗಂಟೆಯಿಲ್ಲ, ಪೇಪರು ತಿದ್ದುವುದಿಲ್ಲ. ವಿಚಾರ ಮಾಡಬೇಕು, ಆಗೊಮ್ಮೆ ಈಗೊಮ್ಮೆ ಭಾಷಣ ಮಾಡಬೇಕು, ಕೊನೆಗೊಂದು ಮುನ್ನೂರು ಪುಟದ ಪುಸ್ತಕ ಬರೆದುಕೊಡಬೇಕು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಬೇವಿನ ಗಿಡದ ಕೆಳಗೆ ಪುಸ್ತಕ ಓದಿ ಬೆಳೆದವನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಮನೆದೇವರು ಬೀರಪ್ಪನ ಕೈಯಲ್ಲೂ ಇರಲಿಕ್ಕಿಲ್ಲ.

ಆದರೆ ಅದು ಅವನಿಗೆ ಬರಬೇಕಾದದ್ದೇ ಅಲ್ಲ. ಅವನು ಡಮ್ಮಿ.

ನಡೆದದ್ದು ಇಷ್ಟು. ಮೂರು ತಿಂಗಳ ಹಿಂದೆ ಜಾಹೀರಾತು ನೋಡಿದ ಅಣ್ಣಾ, "ವಿಚಾರವಂತರಿಗಿ ಕೊಡ್ತಾರಂತ. ಈ ತಾಲೂಕಾದಾಗ ನನ್ನ ಬಿಟ್ಟು ವಿಚಾರ ಮಾಡೋರು ಯಾರದಾರೋ?" ಎಂದು ಕೇಳಿದ್ದರು. ಯಾರೂ ಇಲ್ಲವೆಂದು ಕೂಡಿದವರೆಲ್ಲ ಒಪ್ಪಿದರು. ಪತ್ರಿಕೆಗಳಲ್ಲಿ ಅಣ್ಣಾರ ಹೆಸರಿನಲ್ಲಿ ಬರುವ ಲೇಖನಗಳನ್ನೆಲ್ಲ ವೈಜಿನಾಥನೇ ಬರೆಯುತ್ತಿದ್ದನಾದ್ದರಿಂದ, ಅರ್ಜಿ ತುಂಬುವ ಕೆಲಸವೂ ಅವನಿಗೇ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರ್ಕೆಟ್ ಕಮಿಟಿ, ಹಾಲಿನ ಸಂಘ, ಸಾಲ ಕೊಡುವ ಪತಪೇಢಿ ಎಂದು ನಲವತ್ತು ವರ್ಷ ಬರೀ ಚುನಾವಣೆ ಮಾಡಿದ ಅಣ್ಣಾರ ಮಟ್ಟಿಗೆ ಅರ್ಜಿ ಎಂದಮೇಲೆ ಅದು ಚುನಾವಣೆಯೇ. ಮುಖ್ಯ ಅರ್ಜಿ ತಪಾಸಣೆಯಲ್ಲಿ ಬಾದ್ ಆದರೆ ಇರಲೆಂದು, ನಂಬಿಕೆಯ ಮನುಷ್ಯನೊಬ್ಬನ ಹೆಸರಿನಲ್ಲಿ ಇನ್ನೊಂದು ಅರ್ಜಿ ಹಾಕಿಸುವುದು ಈ ಭಾಗದ ರಿವಾಜು. ಅದೇ ಡಮ್ಮಿ ಅರ್ಜಿ. ತಪಾಸಣೆ ಮುಗಿದ ಮೇಲೆ, ಮಾಘಾರದ ದಿನ ಡಮ್ಮಿಯವನು ತನ್ನ ಅರ್ಜಿ ಹಿಂದೆ ತೆಗೆದುಕೊಂಡು, ಮುಖ್ಯ ಉಮೇದುವಾರನ ಕಾಲಿಗೆ ಬಿದ್ದು, ಚಹಾ ಕುಡಿದು ಮನೆಗೆ ಹೋಗಬೇಕು.

"ಅಣ್ಣಾ, ಇದು ಇಲೆಕ್ಷನ್ ಅಲ್ರೀ," ಎಂದಿದ್ದ ವೈಜಿನಾಥ.

"ನೀ ಹುಟ್ಟಾಕಿಂತ ಮೊದ್ಲಿಂದ ನಾ ಅರ್ಜಿ ಹಾಕ್ಲಿಕತ್ತೀನಿ. ನನಗ ಕಲಸ್ತೀ? ನಿನ್ನ ಹೆಸರಿಲೆ ಒಂದು ಡಮ್ಮಿ ಒಗಿ. ಮಾಘಾರದ ದಿನ ನೆಪ್ಪಿಲೆ ಹಿಂದ ತಗೋ."

ಒಗೆದ. ಅಣ್ಣಾರ ಅರ್ಜಿಗೆ ಹನ್ನೊಂದು ದಿನ ಬೆವರು ಸುರಿಸಿದ. ತನ್ನದನ್ನು ಒಂದು ಮಧ್ಯಾಹ್ನ ಕೂತು, ಇದ್ದದ್ದು ಇದ್ದಂತೆ ಬರೆದು, ವಾರಪತ್ರಿಕೆಯಲ್ಲಿ ತನ್ನ ಹೆಸರಿಗೇ ಬಂದಿದ್ದ ನಾಲ್ಕು ಚೂರು ಬರಹ ಅಂಟಿಸಿ ಕಳಿಸಿದ. ಆಮೇಲೆ ಮಾಘಾರದ ದಿನಕ್ಕಾಗಿ ವಿದ್ಯಾಪೀಠದ ವೆಬ್‌ಸೈಟನ್ನು ಮೂರು ಸಲ ಜಾಲಾಡಿದ. ಅಂಥ ದಿನವೇ ಅಲ್ಲಿರಲಿಲ್ಲ. ಅಣ್ಣಾ ಒಂದು ದಿನ ಜೀಪಿನೊಳಗಿಂದ "ಮಾಘಾರ ತಗೊಂಡೀ ಇಲ್ಲೋ?" ಎಂದು ಕೂಗಿದಾಗ, ಅಂಥ ದಿನವೇ ಇಲ್ಲವೆಂದು ರಸ್ತೆಯ ಮೇಲೆ ನಿಂತು ವಿವರಿಸುವುದು ಬೇಡವೆನಿಸಿ, "ತಗೊಂಡೀನ್ರಿ ಅಣ್ಣಾ" ಎಂದುಬಿಟ್ಟ. ಅದೊಂದೇ ಮಾತು. ಅದೇ ಈಗ ಕುತ್ತಿಗೆಗೆ ಬಂದಿತ್ತು.

ಮಾಘಾರ ತೆಗೆದುಕೊಳ್ಳದ ಡಮ್ಮಿಯ ಗತಿ ಏನಾಗುತ್ತದೆ ಎಂಬುದು ಸುತ್ತಲಿನ ಊರುಗಳಿಗೆಲ್ಲ ಬಾಯಿಪಾಠವಾಗಿತ್ತು. ಸಂಜುಕುಮಾರ ಎಂಬವನೊಬ್ಬ ಮಾರ್ಕೆಟ್ ಕಮಿಟಿ ಚುನಾವಣೆಯಲ್ಲಿ ಅಣ್ಣಾರ ಡಮ್ಮಿಯಾಗಿದ್ದ. ಮಾಘಾರದ ದಿನ ಅವನ ಬಸ್ಸು ಔರಾದ ಶಹಾಜನಿ ದಾಟಿದ ಮೇಲೆ ಪಂಕ್ಚರ್ ಆಗಿ, ಕಚೇರಿ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿತ್ತು. ಅವನಿಗೆ ಹನ್ನೊಂದು ಮತ ಬಿದ್ದವು. ಅಣ್ಣಾ ಸೋತದ್ದು ಒಂಬತ್ತು ಮತದಿಂದ. ಆ ವರ್ಷ ಅಣ್ಣಾರ ಮಾತು ನಡೆಯುವ ಸಕ್ಕರೆ ಕಾರ್ಖಾನೆಯಿಂದ ಸಂಜುಕುಮಾರನ ಕಬ್ಬು ಕಡಿಯುವ ಪಾಳಿ ಬರಲೇ ಇಲ್ಲ. ಮರುವರ್ಷವೂ ಇಲ್ಲ. ಕಬ್ಬು ಹೂಬಿಟ್ಟು, ಒಣಗಿ, ಅದರಲ್ಲಿ ಕಾಡುಹಂದಿ ಮರಿ ಹಾಕಿದ ಮೇಲೆ ಅವನು ಊರು ಬಿಟ್ಟ. ಈಗ ಉದಗೀರದಲ್ಲಿ ವಡಾಪಾವ್ ಗಾಡಿ ಇಟ್ಟುಕೊಂಡಿದ್ದಾನಂತೆ. ಮುರುಮದ ಮಂದಿ ಕಂಡರೆ ಬಾಣಲೆಯ ಹೊಗೆಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಾನಂತೆ.

ವೈಜಿನಾಥನ ತಾಯಿ ಮಾಳವ್ವನ ಎರಡೆಕರೆ ಕಬ್ಬು ಹೊಲದಲ್ಲಿ ನಿಂತಿತ್ತು. ಕಡಿಯುವ ಪಾಳಿ ಬರುವ ಶುಕ್ರವಾರ.

"ಹೋಗ್ರಿ, ಒಪ್ಕೊಂಡ ಬಿಡ್ರಿ!" ಪತ್ರ ಓದಿದ ಹೆಂಡತಿ ಅನುಸೂಯಾ ಕಣ್ಣು ಅರಳಿಸಿದಳು. "ನಿಮ್ಮ ಜನ್ಮದಾಗ ಒಮ್ಮಿ ನಿಮ್ಮ ಹೆಸರಿಗಿ ಏನರೆ ಬಂದದ. ಆ ಅಣ್ಣಾ ಏನ್ ನುಂಗ್ತಾರೇನು?"

"ನುಂಗಲ್ಲ. ಅಗೀತಾರ."

"ನೀವೇನ್ ಕಳವು ಮಾಡೀರೇನು? ಖರೇ ಹೇಳಿಬಿಡ್ರಿ."

ಹೇಳಿಬಿಡುವುದೆಂದು ಅವನು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಹೊರಗೆ ಮೋಟಾರ್‌ಸೈಕಲ್ಲು ಗುಡುಗಿತು. ಅಣ್ಣಾರ ಅಣ್ಣನ ಮಗ ಋಷಿಕೇಶ. ಊರಲ್ಲಿ ಯಾರ ಎಮ್ಮೆ ಈದರೂ ಫ್ಲೆಕ್ಸ್ ಹಾಕಿಸುವ ಮನುಷ್ಯ.

"ಸರ, ಬಂತ್ರಿ! ಫೆಲೋಶಿಪ್ ನಮ್ಮ ಸಂಸ್ಥಾಕ್ಕೇ ಬಂತು! ವಿದ್ಯಾಪೀಠದಾಗ ನಮ್ಮ ಮನುಷ್ಯಾ ಅದಾನ, ಅಂವಾ ಸುದ್ದಿ ಕೊಟ್ಟಾನ. ಅಣ್ಣಾ ಈಗ ಲೋಕಚಿಂತಕ! ಸಂಜಿ ಐದಕ್ಕ ಚೌಕದಾಗ ಸತ್ಕಾರ. ನಿಲಂಗಾದಿಂದ ಫೇಟಾ ಕಟ್ಟೋರಿಗಿ ಕರಸೀನಿ. ಜೆಸಿಬಿ ಹೇಳೀನಿ, ಮ್ಯಾಲಿಂದ ಹೂ ಸುರೀತದ. ನೀವು ಮಾನಪತ್ರ ಬರೀರಿ, ಅಣ್ಣಾ ಉತ್ತರ ಕೊಡೋ ಭಾಷಣನೂ ಬರೀರಿ. ಕಣ್ಣಾಗ ನೀರ ಬರಬೇಕು ನೋಡ್ರಿ!"

"ಬರ್ತಾವ," ಎಂದ ವೈಜಿನಾಥ. "ನನಗ ಈಗೇ ಬರ್ಲಿಕತ್ಯಾವ."

ಒಂಬತ್ತು ಗಂಟೆಗೆ ಅವನು ಅಣ್ಣಾರ ವಾಡೆಯ ಬಾಗಿಲಲ್ಲಿ ನಿಂತಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ: ಅಣ್ಣಾ, ಒಂದು ತಪ್ಪಾಗ್ಯದ. ಐದೇ ಸೆಕೆಂಡಿನ ಮಾತು. ಒಳಗೆ ಅಣ್ಣಾ ಕನ್ನಡಿಯ ಮುಂದೆ ಕುಳಿತಿದ್ದರು. ಫೇಟಾ ಕಟ್ಟುವವನು ಕೇಸರಿ ಬಟ್ಟೆಯನ್ನು ಅವರ ತಲೆಗೆ ಸುತ್ತಿ ಸುತ್ತಿ ಅಳತೆ ನೋಡುತ್ತಿದ್ದ. ಪಕ್ಕದಲ್ಲಿ ಅಣ್ಣಾರ ಸೊಸೆ ಶಿವಾನಿ, ಎಂ.ಎ. ಮುಗಿಸಿ ಎರಡು ವರ್ಷದಿಂದ ಮಾವನ ಕಾಲೇಜಿನಲ್ಲಿ ತಾಸು ಖಾಲಿಯಾಗುವುದನ್ನೇ ಕಾಯುತ್ತಿದ್ದವಳು, ಗಿಂಡಿಯಲ್ಲಿ ನೀರು ಹಿಡಿದು ನಿಂತಿದ್ದಳು.

"ಬಾ ವೈಜಿನಾಥ, ಬಾ! ನೋಡು, ಚಿಂತಕ ಕಂಡ್ಹಂಗ ಕಾಣ್ತೀನೋ ಇಲ್ಲೋ?"

"ಕಾಣ್ತೀರಿ ಅಣ್ಣಾ. ಅಣ್ಣಾ, ಒಂದು…"

"ಆ ಸಂಜ್ಯಾ ನೆಪ್ಪಾದ ಇವತ್ತ." ಅಣ್ಣಾ ಕನ್ನಡಿಯಲ್ಲೇ ಅವನನ್ನು ನೋಡಿದರು. "ಅವನಗತೆ ನೀನೂ ಮಾಘಾರ ತಗೋಳಾರ್ದೆ ಬಿಟ್ಟಿದ್ರ ನಾ ಇವತ್ತ ಎಲ್ಲಿರ್ತಿದ್ದೆ? ಸಂಜ್ಯಾ ಮೊನ್ನಿ ಉದಗೀರದಾಗ ಸಿಕ್ಕಿದ್ದ. ಅತ್ತ. ನಾ ಅವನ ಕೂಡ ಮಾತಾಡ್ಲಿಲ್ಲ. ಒಂದು ವಡಾ ತಿಂದು ಬಂದೆ. ಹಾಂ, ಒಂದು ಅಂದಿ. ಏನು?"

"ಒಂದು… ಫೇಟಾದ್ದು ತುರಾಯಿ ಸ್ವಲ್ಪ ಮ್ಯಾಲ ಇದ್ರ ಛಂದ ಕಾಣ್ತದ್ರಿ."

"ಕೇಳಿದೇನೋ?" ಅಣ್ಣಾ ಫೇಟಾದವನಿಗೆ ಹೇಳಿದರು. "ಓದಿದ ಮನುಷ್ಯಾ ಹೇಳ್ಲಿಕತ್ಯಾನ. ಮ್ಯಾಲ ಎತ್ತು."

ಕಾಲೇಜಿಗೆ ಬಂದಾಗ ಗೇಟಿಗೆ ಫ್ಲೆಕ್ಸ್ ಏರಿಯೇಬಿಟ್ಟಿತ್ತು. ಎರಡಾಳೆತ್ತರದ ಅಣ್ಣಾ ಗಲ್ಲದ ಮೇಲೆ ಕೈಯಿಟ್ಟುಕೊಂಡು ವಿಚಾರ ಮಾಡುತ್ತಿದ್ದರು. ಕೆಳಗೆ ಶುಭ ಕೋರುವವರ ಸಾಲಿನಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ, ವೈಜಿನಾಥನ ಮುಖವೂ ಇತ್ತು. ಹಳೆಯ ಗುರುತಿನ ಚೀಟಿಯ ಫೋಟೋ. ಆಗಲೇ ಪೊಲೀಸರು ಅವನನ್ನು ಹಿಡಿದುಕೊಂಡು ಹೋಗುತ್ತಿರುವಂತಿತ್ತು.

ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು ಮಾನಪತ್ರ ಬರೆದ. ಆಮೇಲೆ ಭಾಷಣಕ್ಕೆ ಕೈ ಹಚ್ಚಿದ. "ನಾನು" ಎಂದು ಬರೆದು ಪೆನ್ನು ನಿಂತಿತು. ಒಂಬತ್ತು ವರ್ಷದಲ್ಲಿ ಅಣ್ಣಾರ ಪರವಾಗಿ ಸಾವಿರ ಸಲ ಬರೆದ ಪದ ಅದು. ಇವತ್ತು ಮಾತ್ರ ಅದು ಅಣ್ಣಾರ ಕಡೆ ತಿರುಗಲಿಲ್ಲ. ದಾರಿ ತಿಳಿದ ಕುರಿಯಂತೆ ನೆಟ್ಟಗೆ ಅವನ ಹಟ್ಟಿಗೇ ಬಂತು. "ನಾನು ಹುಟ್ಟಿದ್ದು ಕುರಿಹಟ್ಟಿಯಲ್ಲಿ. ಒಮ್ಮೆ ಬಯಲಲ್ಲಿ ಮಳೆ ಹಿಡಿದಾಗ ನನ್ನ ತಾಯಿ ಪುಸ್ತಕವನ್ನು ಕಂಬಳಿಯೊಳಗೆ ಇಟ್ಟುಕೊಂಡು ನನ್ನನ್ನು ಹೊರಗೆ ಬಿಟ್ಟಳು. ಯಾಕವ್ವಾ ಎಂದರೆ, ಮಗ ತೊಯ್ದರ ಒಣಗ್ತಾನ, ಪುಸ್ತಕ ತೊಯ್ದರ ಒಣಗಲ್ಲ ಎಂದಳು…" ಎರಡು ಪುಟ ತುಂಬುವ ತನಕ ತಾನು ಯಾರಿಗಾಗಿ ಬರೆಯುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಮೊಬೈಲು ಹೊಡೆದುಕೊಂಡಿತು.

"ನಮಸ್ಕಾರ, ನಾನು ವಿದ್ಯಾಪೀಠದಿಂದ ಮೀನಲ. ಅಭಿನಂದನೆಗಳು ಸರ್! ನಿಮ್ಮ ಒಪ್ಪಿಗೆ ಇನ್ನೂ ಬಂದಿಲ್ಲವಲ್ಲ?"

ಸ್ಟಾಫ್ ರೂಮಿನಲ್ಲಿದ್ದವರ ಕಿವಿಗಳೆಲ್ಲ ಮೊಲದ ಕಿವಿಗಳಾದವು. ವೈಜಿನಾಥ ಗೋಡೆಯ ಕಡೆ ತಿರುಗಿದ. "ಇಲ್ರೀ, ನಮಗ ಈಗ ಬ್ಯಾಡ್ರೀ, ಮನ್ಯಾಗ ಇದ್ದದ್ದೇ ಸಾಕು," ಎಂದ, ಕುಕ್ಕರು ಮಾರುವವರಿಗೆ ಹೇಳಿದಂತೆ.

"ಏನಂದಿರಿ? ಸರ್, ನೀವು ಕೆಲಸ ಮಾಡುವ ಸಂಸ್ಥೆಯ ಅನುಮತಿ ಬೇಕಲ್ಲ, ಅದಕ್ಕೆ ನಿಮ್ಮ ಅಧ್ಯಕ್ಷರಿಗೂ ಪತ್ರ ಕಳಿಸಿದ್ದೇವೆ. ಮನ್ಮಥಪ್ಪ ಅವರು ತಾನೆ? ಹನ್ನೆರಡಕ್ಕೆ ಮುಟ್ಟಿರಬೇಕು."

ಗಡಿಯಾರದಲ್ಲಿ ಹನ್ನೆರಡೂ ಕಾಲು.

ಅಲ್ಲಿಂದ ಮುಂದೆ ವೈಜಿನಾಥನ ಸ್ಥಿತಿ, ಹಟ್ಟಿಯ ಸುತ್ತ ತೋಳ ಸುತ್ತುವ ಸಪ್ಪಳ ಕೇಳಿಸುತ್ತಿದ್ದರೂ ಬಾಗಿಲು ಎಲ್ಲಿದೆಯೆಂದು ಗೊತ್ತಾಗದ ಕುರಿಯ ಸ್ಥಿತಿ. ಒಂದು ಗಂಟೆಗೆ ಋಷಿಕೇಶ ವರಾಂಡದಲ್ಲಿ ಎದುರಾದ. ಮುಂಜಾನೆಯ ನಗು ಇರಲಿಲ್ಲ. ಮೇಲಿಂದ ಕೆಳಗೆ ನೋಡಿದ. "ಸರ, ನೀವು ಹಿಂಗ ಅಂತ ಗೊತ್ತಿದ್ದಿಲ್ಲ ಬಿಡ್ರಿ," ಎಂದ. "ಸಂಜಿಗಿ ತಪ್ಪಸಬ್ಯಾಡ್ರಿ. ಅಣ್ಣಾ ಹೇಳ್ಯಾರ." ಹೋಗುತ್ತ ಹೋಗುತ್ತ ಗೇಟಿನ ಫ್ಲೆಕ್ಸನ್ನು ತಾನೇ ನಿಂತು ಬಿಚ್ಚಿಸಿದ.

ಎರಡು ಗಂಟೆಗೆ ಸಿಪಾಯಿ ದಿಗಂಬರ ಚಹಾ ತಂದಿಟ್ಟು, ಬಾಗಿಲ ಕಡೆ ನೋಡಿ, ದನಿ ಇಳಿಸಿದ.

"ಸರ, ನಿಮ್ಮ ಫೈಲ್ ತರಸ್ಯಾರ."

"ಯಾರು?"

"ಅಣ್ಣಾ. ಪ್ರಿನ್ಸಿಪಾಲರ ರೂಮಿನ್ಯಾಗ ಒಂದು ಆರ್ಡರ್ ಟೈಪ್ ಆಗ್ಲಿಕತ್ಯದ. ನಾ ಪೂರಾ ಓದ್ಲಿಲ್ಲ, ನನ್ನ ಚಷ್ಮಾ ಮನ್ಯಾಗದ. ಮ್ಯಾಲ ನಿಮ್ಮ ಹೆಸರು. ಕೆಳಗ ಶಿವಾನಿ ಬಾಯಿ ಹೆಸರು. ನಡುವ 'ಇಂದಿನಿಂದ ಬಿಡುಗಡೆ' ಅಂತ ಅದ." ಸ್ವಲ್ಪ ತಡೆದು ಅವನೇ ಸಮಾಧಾನ ಹೇಳಿದ: "ಹೆದರಬ್ಯಾಡ್ರಿ ಸರ. ಉದಗೀರದಾಗ ವಡಾಪಾವ್ ಭಾಳ ನಡೀತದಂತ."

ಮೂರಕ್ಕೆ ಅಣ್ಣಾರೇ ಫೋನು ಮಾಡಿದರು. ಸಿಟ್ಟಿರಲಿಲ್ಲ. ಅದೇ ಭಯಂಕರ. ಅಣ್ಣಾ ಸಿಟ್ಟಿಲ್ಲದೆ ಮಾತಾಡಿದ್ದನ್ನು ಅವನು ಒಂಬತ್ತು ವರ್ಷದಲ್ಲಿ ಕೇಳಿದವನಲ್ಲ.

"ಊಟ ಮಾಡಿ ಏನೋ, ವೈಜಿನಾಥ?"

"ಹೌ… ಹೌದ್ರಿ."

"ಹೊಟ್ಟಿ ತುಂಬ ಮಾಡು. ಇವತ್ತಿನ ದಿನ ನೀ ಸಾಯೋತನಕ ಮರೀಬಾರ್ದು, ಹಂಗ ಮಾಡ್ತೀನಿ. ಭಾಷಣ ಬರ್ದೀಯಲ್ಲ? ಕಿಸೇದಾಗ ಇಟ್ಕೊಂಡ ಬಾ."

ನಾಲ್ಕೂವರೆಗೆ ಚೌಕದ ಹತ್ತಿರ ಬಂದಾಗ ಮಂಟಪ ತುಂಬಿತ್ತು. ಜೆಸಿಬಿ ತನ್ನ ಹಲ್ಲಿನ ಬಾಯಲ್ಲಿ ಚೆಂಡುಹೂ ತುಂಬಿಕೊಂಡು ನಿಂತಿತ್ತು. ಅನುಸೂಯಾ ಪ್ರೇಮಾಬಾಯಿಯ ಜೊತೆ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದಳು. ಅಷ್ಟರಲ್ಲಿ ಅಣ್ಣಾರ ಜೀಪು ಬಂತು. ಬಾಗಿಲು ತೆರೆದು, ಇಬ್ಬರು ಹಿಡಿದು ಒಬ್ಬ ಮುದುಕಿಯನ್ನು ಇಳಿಸಿದರು. ಹೆಗಲಮೇಲೆ ಕಂಬಳಿ, ಕಣ್ಣಲ್ಲಿ ಗಾಬರಿ.

ಮಾಳವ್ವ! ಅವನ ತಾಯಿ!

"ವೈಜ್ಯಾ," ಆಕೆ ಅಲ್ಲಿಂದಲೇ ಕೂಗಿದಳು, "ಏನ್ ಮಾಡೀಯೋ ಯಪ್ಪಾ? ಹೊಲದಾಗಿಂದ ಹಂಗೇ ಎಬ್ಬಿಸಿ ತಂದಾರ! ಕುರಿ ಕಟ್ಟಲಾರ್ದೆ ಬಂದೀನಿ!"

ತಾಯಿಯನ್ನೂ ಕರೆಸಿದ್ದಾರೆಂದರೆ ಇದು ಪಂಚಾಯ್ತಿಯೇ. ಅವ್ವನ ಮುಂದೆ ಗದ್ದಾರ ಎನ್ನಿಸುತ್ತಾರೆ, ಮೈಕಿನಲ್ಲಿ. ಕಬ್ಬು ಹೂಬಿಡುತ್ತದೆ. ಹಂದಿ ಮರಿ ಹಾಕುತ್ತದೆ. ತಾಸು ಶಿವಾನಿಗೆ ಹೋಗುತ್ತದೆ. ಬೀರಪ್ಪಾ, ಇನ್ನೊಂದೇ ದಾರಿ: ಐದರೊಳಗೆ ಮಾಘಾರ. ಡಮ್ಮಿಯ ಮರ್ಯಾದೆ ಉಳಿಯುವುದು ಅದೊಂದರಲ್ಲೇ. ಹೊತ್ತಿನೊಳಗೇ ತೆಗೆದುಕೊಂಡೆನಲ್ಲ ಎಂದು ಕಾಗದ ತೋರಿಸಿ ಕಾಲಿಗೆ ಬೀಳಬಹುದು.

ಎದುರಿನ ಝೆರಾಕ್ಸ್ ಅಂಗಡಿಗೆ ಓಡಿದ. ಮೊಬೈಲಿನಲ್ಲಿ ವಿದ್ಯಾಪೀಠದ ಪುಟ ತೆರೆದ. ಎರಡು ಗುಂಡಿ: ಹಸಿರಿನ ಮೇಲೆ 'ಸ್ವೀಕರಿಸುತ್ತೇನೆ', ಕೆಂಪಿನ ಮೇಲೆ 'ನಿರಾಕರಿಸುತ್ತೇನೆ'. ಹಸಿರು ಗುಂಡಿಯ ಮೇಲೆ ಹೆಬ್ಬೆರಳು ಒಂದು ಕ್ಷಣ ನಿಂತಿತು. ಗ್ರಂಥಾಲಯದ ಮೇಜು, ಅದರ ಮೇಲೆ ತನ್ನ ಹೆಸರು, ಕಿಟಕಿಯಿಂದ ಬಿದ್ದ ಬಿಸಿಲು, ಎಲ್ಲವೂ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಚೌಕದಿಂದ ಮೈಕಿನಲ್ಲಿ ಋಷಿಕೇಶನ ದನಿ: "ವೈಜಿನಾಥ ಸರ ಎಲ್ಲೇ ಇದ್ರೂ ತಾಬಡತೋಬ ಸ್ಟೇಜಿಗಿ ಬರಬೇಕು! ಅಣ್ಣಾ ಕಾಯ್ಲಿಕತ್ಯಾರ!"

ಹೆಬ್ಬೆರಳು ಬೆದರಿದ ಕುರಿಯಂತೆ ಜಿಗಿದು ಕೆಂಪಿನ ಮೇಲೆ ಬಿತ್ತು.

ಸಮಯ ನಾಲ್ಕು ಐವತ್ತೆರಡು. ಪ್ರಿಂಟ್ ತೆಗೆಸಿ ಎಡ ಕಿಸೆಯಲ್ಲಿಟ್ಟ. ಬಲ ಕಿಸೆಯಲ್ಲಿ ಭಾಷಣ. ಬೆಳಗಿನಿಂದ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

ವೇದಿಕೆ ಏರಿದ ಕೂಡಲೇ ಕಾಗದ ತೋರಿಸಲು ಹೋದ. ಅಣ್ಣಾ ಅವನ ಕೈ ಹಿಡಿದು ಪಕ್ಕಕ್ಕೆ ನಿಲ್ಲಿಸಿ ಮೈಕು ಹಿಡಿದರು.

"ಕೂಡಿದ ಮಂಡಳಿಯವರೆ, ಮುಂಜಾನಿತನ ನಾ ಈ ಸತ್ಕಾರ ನಂದೇ ಅಂತ ತಿಳ್ಕೊಂಡಿದ್ದೆ. ಹನ್ನೆರಡಕ್ಕ ಕಾಗದ ಬಂತು. ನಾ ಸೋತೀನಿ! ಯಾರ ಕೈಲಿ? ನನ್ನ ಡಮ್ಮಿ ಕೈಲಿ!"

ವೈಜಿನಾಥ ಮಂಟಪದ ಕಂಬ ಹಿಡಿದುಕೊಂಡ.

"ಋಷಿಕೇಶ ಅಂದ, ಅಣ್ಣಾ, ಇಂವಾ ಇನ್ನೊಬ್ಬ ಸಂಜ್ಯಾ. ನಾನೂ ಎರಡು ತಾಸು ಸಿಟ್ಟಿಲೆ ಕೂತಿದ್ದೆ. ಆಮ್ಯಾಲ ವಿಚಾರ ಮಾಡ್ದೆ. ಸಂಜ್ಯಾ ನನ್ನ ಕುರ್ಚಿ ಕೆಡವಿದ. ಇಂವಾ ನನ್ನ ಸಂಸ್ಥಾದ ಹೆಸರು ಮ್ಯಾಲ ಎತ್ಯಾನ! ಯಾರ ಡಮ್ಮಿ ಇಂವಾ? ನನ್ನ ಡಮ್ಮಿ! ನನ್ನ ಡಮ್ಮಿನೇ ಇಷ್ಟು ಶಾಣ್ಯಾ ಇದ್ರ, ನಾ ಎಷ್ಟು ಶಾಣ್ಯಾ ಇರ್ಬೇಕು!"

ಚಪ್ಪಾಳೆ ಜೆಸಿಬಿಯನ್ನೂ ಅಲುಗಾಡಿಸಿತು.

"ಅದಕ್ಕ ಅವನ ತಾಯಿಗೂ ಜೀಪ್ ಕಳಿಸಿ ಕರಸೀನಿ. ಇನ್ನೊಂದು ವರ್ಷ ಇಂವಾ ವಿಚಾರ ಮಾಡ್ಕೋತ ಆರಾಮ ಕೂಡ್ಲಿ. ಇಲ್ಲಿ ತಾಸಿನ ಚಿಂತಿ ಬ್ಯಾಡ. ಅವನ ಹನ್ನೆರಡೂ ತಾಸು ಇವತ್ತಿಂದ ನಮ್ಮ ಶಿವಾನಿಗಿ ಕೊಟ್ಟೀವಿ. ಆರ್ಡರ್ ಆಗ್ಯದ!"

ಮತ್ತೆ ಚಪ್ಪಾಳೆ. ಅಣ್ಣಾ ತಮ್ಮ ತಲೆಗೆಂದು ತರಿಸಿದ್ದ ಕೇಸರಿ ಫೇಟಾವನ್ನು ವೈಜಿನಾಥನ ತಲೆಯ ಮೇಲಿಟ್ಟರು. ತುರಾಯಿ ಚೆನ್ನಾಗಿ ಮೇಲೆದ್ದಿತ್ತು. ಜೆಸಿಬಿ ಬಾಯಿ ತೆರೆದು ಹೂ ಸುರಿಯಿತು. ಹೂವಿನ ಕೆಳಗೆ ವೈಜಿನಾಥ ಹೂತುಹೋದವನಂತೆ ನಿಂತಿದ್ದ. ಎಡ ಕಿಸೆಯ ಕಾಗದ ಕೆಂಡವಾಗಿತ್ತು. ಕೆಳಗೆ ಅನುಸೂಯಾ ಸೆರಗಿನಿಂದ ಕಣ್ಣು ಒರೆಸಿಕೊಂಡು ಅವನನ್ನೇ ನೋಡುತ್ತಿದ್ದಳು. ಅವಳನ್ನು ನೋಡುವ ಧೈರ್ಯ ಅವನಿಗೆ ಸಾಲಲಿಲ್ಲ.

ಹೂವು ಇನ್ನೂ ಬೀಳುತ್ತಿದ್ದಾಗಲೇ ಅಣ್ಣಾರ ಮೊಬೈಲು ಮೊಳಗಿತು.

"ಹಾಂ, ಮೀನಲ ಮೇಡಂ, ಹೇಳ್ರಿ. ಏನು? ಯಾರು ಬ್ಯಾಡ ಅಂದ? ಯಾವಾಗ? ಮತ್ತ ಎರಡನೇ ನಂಬರ ಯಾರದು?"

ಅಣ್ಣಾ ಫೋನು ಇಳಿಸಿ ವೈಜಿನಾಥನ ಹತ್ತಿರ ಬಂದು, ಅವನ ಕಿವಿಯ ಮೇಲಿನ ಚೆಂಡುಹೂ ತೆಗೆದರು.

"ಮಾಘಾರ ತಗೊಂಡಿ?"

"ಹೌದ್ರಿ ಅಣ್ಣಾ." ವೈಜಿನಾಥ ಎಡ ಕಿಸೆಯ ಕಾಗದ ಕೊಟ್ಟ. "ನಾಕು ಐವತ್ತೆರಡಕ್ಕ."

"ನನ್ನ ಸಲುವಾಗಿ?"

ಹೆದರಿಕೆಯ ಸಲುವಾಗಿ 'ಹೌದ್ರಿ' ಎಂದ.

ಅಣ್ಣಾರ ಕಣ್ಣು ತುಂಬಿದವು. "ಇಂಥಾ ಡಮ್ಮಿ ಯಾರಿಗಿ ಸಿಗ್ತಾನೋ!" ಎಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. ಕಾಯ್ದಿಟ್ಟ ಪಟ್ಟಿಯಲ್ಲಿ ಮೊದಲಿದ್ದದ್ದು ಅವನು ಹನ್ನೊಂದು ದಿನ ಬೆವರು ಸುರಿಸಿ ಬರೆದ ಅಣ್ಣಾರ ಅರ್ಜಿಯೇ. ಮೊದಲ ನಂಬರೂ ಅವನೇ, ಎರಡನೇ ನಂಬರೂ ಅವನೇ. ಫೇಟಾ ಮಾತ್ರ ಒಂದೇ. ಅದನ್ನು ಅಣ್ಣಾ ಅವನ ತಲೆಯಿಂದ ಮೆಲ್ಲಗೆ ತೆಗೆದು ತಮ್ಮ ತಲೆಗೇರಿಸಿಕೊಂಡರು.

"ಅಣ್ಣಾ," ಅಪ್ಪುಗೆಯೊಳಗಿಂದ ಬಿಡಿಸಿಕೊಂಡ ವೈಜಿನಾಥ ಪಿಸುಗುಟ್ಟಿದ, "ಹಂಗಂದ್ರ ನನ್ನ ತಾಸು?"

"ತಾಸು ಶಿವಾನಿಗಿ ಕೊಟ್ಟಾಯ್ತಲ್ಲೋ. ಮಂದಿ ಚಪ್ಪಾಳಿ ಹೊಡ್ದಾರ. ಚಪ್ಪಾಳಿ ಮಾಘಾರ ತಗೋಳಿಕ್ಕ ಬರ್ತದೇನು? ನೀ ನನ್ನ ಕೂಡ ನಡಿ. ಅಲ್ಲಿ ಮುನ್ನೂರು ಪುಟದ ಪುಸ್ತಕ ಬರೀಬೇಕಂತ. ರೂಮ್ ಒಬ್ಬರಿಗೇ ಕೊಡ್ತಾರಂತ, ಆದ್ರ ವರಾಂಡ ದೊಡ್ಡದದ ಅಂತ ಕೇಳೀನಿ. ಕಬ್ಬಿನ ಚಿಂತಿ ಬಿಡು, ಶುಕ್ರವಾರ ಕಡಸ್ತೀನಿ. ಭಾಷಣ ಎಲ್ಲದ?"

ಉತ್ತರಕ್ಕೆ ಕಾಯದೆ ಅಣ್ಣಾ ಅವನ ಬಲ ಕಿಸೆಗೆ ಕೈ ಹಾಕಿ ಕಾಗದ ತೆಗೆದರು. ವೈಜಿನಾಥ ಕೈ ಚಾಚಿದ. ಆಗಲೇ ಅವರು ಮೈಕಿನ ಮುಂದಿದ್ದರು. ವಿದ್ಯಾಪೀಠವು ಕೊನೆಗೂ ತಪ್ಪು ತಿದ್ದಿಕೊಂಡ, ವೈಜಿನಾಥನೂ ತಮ್ಮ ಜೊತೆ ಬರುವ ಸುದ್ದಿ ಹೇಳಿ, ಚಷ್ಮಾ ಏರಿಸಿ, ಗಂಟಲು ಸರಿಮಾಡಿಕೊಂಡು ಓದತೊಡಗಿದರು:

"ನಾನು ಹುಟ್ಟಿದ್ದು ಕುರಿಹಟ್ಟಿಯಲ್ಲಿ…"

ವಾಡೆಯಲ್ಲಿ ಹುಟ್ಟಿದ ಅಣ್ಣಾ ಒಂದು ಸಾಲನ್ನೂ ಬಿಡದೆ ಓದಿದರು. ಬಯಲು, ಮಳೆ, ಕಂಬಳಿ, ಪುಸ್ತಕ. ಪ್ರೇಮಾಬಾಯಿ ಬಿಕ್ಕಿ ಬಿಕ್ಕಿ ಅತ್ತಳು. ಋಷಿಕೇಶ ಹೇಳಿದ್ದಂತೆಯೇ ಎಲ್ಲರ ಕಣ್ಣಲ್ಲೂ ನೀರು ಬಂತು.

ಮುಂದಿನ ಸಾಲಿನಲ್ಲಿದ್ದ ಮಾಳವ್ವ ಮಾತ್ರ ತನ್ನ ಕಂಬಳಿಯನ್ನೊಮ್ಮೆ ಮುಟ್ಟಿನೋಡಿಕೊಂಡಳು. ಕುತ್ತಿಗೆ ಚಾಚಿ ಅಣ್ಣಾರನ್ನು, ಆಮೇಲೆ ಬರಿದಲೆಯಲ್ಲಿ ನಿಂತ ಮಗನನ್ನು ನೋಡಿದಳು. ಕೊನೆಗೆ ಸೊಸೆಯ ಕಡೆ ಬಾಗಿ ಕೇಳಿದಳು:

"ಅನುಸೂಯಾ, ಈ ಅಣ್ಣಾ ಯಾವಾಗ ಕುರಿ ಕಾಯ್ದಿದ್ನವ್ವಾ?"

ಅನುಸೂಯಾ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಇಷ್ಟು ದಿನ ಕಾಯ್ದಿಲ್ರೀ ಅತ್ತಿ," ಎಂದಳು. "ಇವತ್ತಿಂದ ಕಾಯ್ತಾರ. ಒಂದೇ ಕುರಿ."